ಕಡಲತಳದ ಗಣಿಗಾರಿಕೆಗೆ ಎಷ್ಟು ಭವಿಷ್ಯವಿದೆ? ನೀವೇ ಲೆಕ್ಕ ಹಾಕಿ ನೋಡುವ ಬಗೆ

ಸಮುದ್ರದ ತಳದಲ್ಲಿ ಇಷ್ಟು ಕೋಟಿ ಟನ್ ನಿಕ್ಕಲ್ ಬಿದ್ದಿದೆ, ಅಷ್ಟು ಕೋಟಿ ಟನ್ ಕೋಬಾಲ್ಟ್ ಬಿದ್ದಿದೆ ಎಂಬ ಸುದ್ದಿ ಕಂಡಾಗ ನಾನು ಮೊದಲು ಆ ಅಂಕಿಯನ್ನು ಪೆನ್ಸಿಲಿನಿಂದ ಹೊಡೆದುಹಾಕಿ ಮುಂದಿನ ಸಾಲಿಗೆ ಹೋಗುತ್ತೇನೆ. ಅಂಕಿ ಸುಳ್ಳೆಂದು ಹಾಗೆ ಮಾಡುವುದಿಲ್ಲ. ಹವಾಯಿ ಮತ್ತು ಮೆಕ್ಸಿಕೊ ನಡುವಿನ ಕ್ಲಾರಿಯನ್-ಕ್ಲಿಪ್ಪರ್ಟನ್ ವಲಯದಲ್ಲಿ ಸುಮಾರು 2,100 ಕೋಟಿ ಟನ್ ಲೋಹದ ಗಂಟುಗಳಿವೆ ಎಂಬ ಅಂದಾಜನ್ನು ಭೂವಿಜ್ಞಾನಿಗಳು ಪೂರ್ಣ ಗಂಭೀರವಾಗಿ ಕೊಟ್ಟಿದ್ದಾರೆ. ಆದರೆ ಆ ರಾಶಿಯ ಗಾತ್ರ 1960ರ ದಶಕದಿಂದಲೂ ಎಲ್ಲರಿಗೂ ಗೊತ್ತು. ಅಮೆರಿಕದ ಗಣಿ ಎಂಜಿನಿಯರ್ ಜಾನ್ ಮೆರೊ ಅಂದೇ ಲೆಕ್ಕ ಹಾಕಿ, ಇನ್ನೇನು ಗಣಿಗಾರಿಕೆ ಶುರುವಾಗಲಿದೆ ಎಂದು ಜಗತ್ತನ್ನು ನಂಬಿಸಿದ್ದರು. ಅರ್ಧ ಶತಮಾನ ದಾಟಿದರೂ ವಾಣಿಜ್ಯ ಪ್ರಮಾಣದಲ್ಲಿ ಒಂದು ಹಡಗೂ ಆ ಗಂಟುಗಳನ್ನು ತೆಗೆದು ಮಾರಿಲ್ಲ. ಅಂದರೆ ತಡೆ ಇರುವುದು ಬೇರೆ ಕಡೆ. ಅದು ಎಲ್ಲಿದೆ ಎಂದು ಹುಡುಕುವ ದಾರಿಯನ್ನು ಇಲ್ಲಿ ಹೇಳಿಕೊಡುತ್ತೇನೆ.

ನಾನು ಅದಿರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಆರಂಭಿಸಿದವಳು. ಆಮೇಲೆ ಗಣಿ ಯೋಜನೆಗಳ ಕಾರ್ಯಸಾಧ್ಯತಾ ವರದಿಗಳನ್ನು ಸಾಲುಸಾಲಾಗಿ ಓದಿ, ಯಾವ ಊಹೆ ಎಲ್ಲಿ ಅಡಗಿದೆ ಎಂದು ಗುರುತಿಸುವುದೇ ನನ್ನ ವೃತ್ತಿಯಾಯಿತು. ಕಡಲತಳದ ಯೋಜನೆಗಳನ್ನು ಓದುವಾಗಲೂ ನಾನು ಅದೇ ಕ್ರಮ ಹಿಡಿಯುತ್ತೇನೆ. ಬೇಕಾಗುವುದು ಒಂದು ಹಾಳೆ, ಒಂದು ಪೆನ್ಸಿಲ್, ಗುಣಾಕಾರ ಭಾಗಾಕಾರ. ಹಣ ಹೂಡಲು ಹೊರಟವರಿಗೂ ಇದು ಸಾಕು. ಈ ವಿಷಯ ಕುರಿತು ಬರೆಯುವವರು, ಪಾಠ ಹೇಳುವವರು, ಸಾಗರದ ಬಗ್ಗೆ ಕಳಕಳಿ ಇರುವವರಿಗೂ ಸಾಕು.

ಯಾವ ನಿಕ್ಷೇಪ ಎಂದು ಮೊದಲು ಕೇಳಿ

ಕಡಲತಳದ ಗಣಿಗಾರಿಕೆ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಉದ್ಯಮಗಳಿವೆ. ಸುದ್ದಿ ಓದುವಾಗ ಇವನ್ನು ಬೆರೆಸಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ಮೊದಲನೆಯದು ಬಹುಲೋಹದ ಗಂಟು, ಅಂದರೆ ನಾಡ್ಯೂಲ್. 4,000ದಿಂದ 6,000 ಮೀಟರ್ ಆಳದ ಕೆಸರಿನ ಬಯಲಿನಲ್ಲಿ ಆಲೂಗಡ್ಡೆಯಂತೆ ಬಿಡಿಬಿಡಿಯಾಗಿ ಬಿದ್ದಿರುತ್ತದೆ. ಬ್ರಿಟನ್ನಿನ ಚಾಲೆಂಜರ್ ಹಡಗಿನ ವಿಜ್ಞಾನಿಗಳು 1873ರಲ್ಲಿ ಅಟ್ಲಾಂಟಿಕ್ ಸಾಗರದ ಆಳದಿಂದ ಇವನ್ನು ಎತ್ತಿದರು. ಎರಡನೆಯದು ಕೋಬಾಲ್ಟ್ ತೊಗಟೆ. ಮುಳುಗಿದ ಪರ್ವತಗಳ ಮೈಗೆ, ಹೆಚ್ಚಾಗಿ 800ರಿಂದ 2,500 ಮೀಟರ್ ಆಳದಲ್ಲಿ, ಕೆಲವು ಸೆಂಟಿಮೀಟರ್ ದಪ್ಪಕ್ಕೆ ಅಂಟಿಕೊಂಡಿರುತ್ತದೆ. ಅಡಿಯ ಬಂಡೆಯಿಂದ ಅದನ್ನು ಬಿಡಿಸುವುದೇ ದೊಡ್ಡ ಕಷ್ಟ. ಬಂಡೆಯೂ ಸೇರಿ ಬಂದರೆ ಅದಿರಿನ ಸತ್ವ ಇಳಿದುಹೋಗುತ್ತದೆ. ಮೂರನೆಯದು ಬಿಸಿನೀರಿನ ಬುಗ್ಗೆಗಳ ಸುತ್ತ ಕಟ್ಟಿಕೊಂಡ ಸಲ್ಫೈಡ್ ದಿಬ್ಬಗಳು. ಇವುಗಳಲ್ಲಿ ತಾಮ್ರ, ಸತು, ಚಿನ್ನ, ಬೆಳ್ಳಿ ಇರುತ್ತವೆ. ಸಮುದ್ರತಳದ ಬುಗ್ಗೆಗಳನ್ನು ಮನುಷ್ಯ ಕಣ್ಣಾರೆ ಕಂಡದ್ದು 1977ರಲ್ಲಿ, ಗಲಾಪಗೋಸ್ ಬಳಿ.

ನನ್ನ ತೀರ್ಪು ಇಲ್ಲಿಯೇ ಹೇಳಿಬಿಡುತ್ತೇನೆ: ತೊಗಟೆಯ ಬಗ್ಗೆ ಸದ್ಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಜೀವಂತ ಬುಗ್ಗೆಗಳ ಸಲ್ಫೈಡನ್ನು ಮುಟ್ಟಲೇಬಾರದು; ಕಾರಣ ಮುಂದೆ ಬರುತ್ತದೆ. ಭವಿಷ್ಯದ ನಿಜವಾದ ಚರ್ಚೆ ಇರುವುದು ಗಂಟುಗಳ ಬಗ್ಗೆ. ಇಲ್ಲಿನ ಲೆಕ್ಕವೂ ಅವುಗಳದೇ.

ಒಂದು ಟನ್‌ನಲ್ಲಿ ಏನಿದೆ

ಕ್ಲಾರಿಯನ್-ಕ್ಲಿಪ್ಪರ್ಟನ್ ವಲಯದ ಒಣ ಗಂಟಿನಲ್ಲಿ ಸರಾಸರಿ ಶೇ 28ರಷ್ಟು ಮ್ಯಾಂಗನೀಸ್, ಶೇ 1.3ರಷ್ಟು ನಿಕ್ಕಲ್, ಶೇ 1.1ರಷ್ಟು ತಾಮ್ರ, ಶೇ 0.2ರಷ್ಟು ಕೋಬಾಲ್ಟ್ ಇರುತ್ತದೆ. ಅಂದರೆ ಒಂದು ಟನ್‌ನಲ್ಲಿ 280 ಕಿಲೊ ಮ್ಯಾಂಗನೀಸ್, 13 ಕಿಲೊ ನಿಕ್ಕಲ್, 11 ಕಿಲೊ ತಾಮ್ರ, 2 ಕಿಲೊ ಕೋಬಾಲ್ಟ್. ಈ ನಾಲ್ಕು ಅಂಕಿಗಳನ್ನು ಹಾಳೆಯ ಮೇಲ್ತುದಿಯಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ಆ ದಿನದ ಅಂತರರಾಷ್ಟ್ರೀಯ ಬೆಲೆ ಬರೆದು ಗುಣಿಸಿ. ಲೆಕ್ಕ ಕಲಿಯಲೆಂದು ದುಂಡಗಿನ ಬೆಲೆ ಹಿಡಿಯೋಣ: ಟನ್ ನಿಕ್ಕಲಿಗೆ 15,000 ಡಾಲರ್, ತಾಮ್ರಕ್ಕೆ 10,000, ಕೋಬಾಲ್ಟಿಗೆ 30,000. ನಿಕ್ಕಲಿನಿಂದ 195, ತಾಮ್ರದಿಂದ 110, ಕೋಬಾಲ್ಟಿನಿಂದ 60, ಒಟ್ಟು 365 ಡಾಲರ್. ಇದು ಗಂಟಿನೊಳಗಿನ ಲೋಹದ ಬೆಲೆ. ಕುಲುಮೆಯಲ್ಲಿ ಕಳೆದುಹೋಗುವ ಪಾಲು, ಖರೀದಿದಾರ ಹಿಡಿದುಕೊಳ್ಳುವ ಪಾಲು ಎರಡನ್ನೂ ಇನ್ನೂ ಕಳೆದಿಲ್ಲ.

ಮ್ಯಾಂಗನೀಸನ್ನು ನಾನು ಬೇಕೆಂದೇ ಬಿಟ್ಟೆ. ಕಂಪನಿಗಳ ವರದಿಯಲ್ಲಿ ನಾನು ಮೊದಲು ತೆರೆಯುವ ಪುಟ ಅದರದ್ದು. ಅದು ಶುದ್ಧ ಲೋಹವಾಗಿ ಮಾರಾಟವಾಗುತ್ತದೆ ಎಂದು ಬರೆದರೆ ಆದಾಯ ಜಿಗಿಯುತ್ತದೆ. ಉಕ್ಕು ಉದ್ಯಮಕ್ಕೆ ಬೇಕಾದ ಸಿಲಿಕೊಮ್ಯಾಂಗನೀಸ್ ತಯಾರಿಸುವವರಿಗೆ ಕಿಟ್ಟದ (ಅದಿರು ಕರಗಿಸಿದಾಗ ಲೋಹದ ಮೇಲೆ ಉಳಿಯುವ ಭಾಗ) ರೂಪದಲ್ಲಿ ಹೋಗುತ್ತದೆ ಎಂದು ಬರೆದರೆ ಆದಾಯ ಅದರ ಒಂದು ಸಣ್ಣ ಭಾಗಕ್ಕೆ ಇಳಿಯುತ್ತದೆ. ಗಂಟು ಅದೇ, ಟನ್ನೂ ಅದೇ. ಈ ಒಂದು ಊಹೆಯಿಂದಲೇ ಯೋಜನೆ ಲಾಭದ್ದೋ ನಷ್ಟದ್ದೋ ಎಂಬುದು ತಿರುಗಿಬೀಳಬಹುದು. ವರದಿಯಲ್ಲಿ ಮ್ಯಾಂಗನೀಸ್ ಯಾವ ರೂಪದಲ್ಲಿ, ಯಾರಿಗೆ ಹೋಗುತ್ತದೆ ಎಂದು ಬರೆದಿಲ್ಲದಿದ್ದರೆ ಆ ವರದಿಯ ಲಾಭದ ಅಂಕಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಎಚ್ಚರ. ಹಡಗಿಗೆ ಬರುವುದು ಒದ್ದೆ ಗಂಟು. ತೂಕದಲ್ಲಿ ಕಾಲು ಭಾಗ ಅಥವಾ ಅದಕ್ಕೂ ಹೆಚ್ಚು ನೀರಿರುತ್ತದೆ. ಸುದ್ದಿಯಲ್ಲಿ ಟನ್ ಎಂದಷ್ಟೇ ಇದ್ದರೆ ಒದ್ದೆಯೋ ಒಣಗಿದ್ದೋ ಎಂದು ನೋಡದೆ ಮುಂದೆ ಹೋಗಬೇಡಿ.

ಮಾರುಕಟ್ಟೆಗೆ ಎಷ್ಟು ಬೇಕು

ಒಂದು ಹಡಗು ವರ್ಷಕ್ಕೆ 30 ಲಕ್ಷ ಟನ್ ಒದ್ದೆ ಗಂಟು ಎತ್ತುತ್ತದೆ ಎಂದಿಟ್ಟುಕೊಳ್ಳಿ. ಒಣಗಿದ ಮೇಲೆ 22.5 ಲಕ್ಷ ಟನ್. ಅದರಲ್ಲಿ ಸುಮಾರು 29,000 ಟನ್ ನಿಕ್ಕಲ್, 25,000 ಟನ್ ತಾಮ್ರ, 4,500 ಟನ್ ಕೋಬಾಲ್ಟ್, 6.3 ಲಕ್ಷ ಟನ್ ಮ್ಯಾಂಗನೀಸ್. ಈಗ 2024ರಲ್ಲಿ ಜಗತ್ತಿನ ಗಣಿಗಳಿಂದ ಬಂದ ಲೋಹವನ್ನು ಪಕ್ಕದಲ್ಲಿಡಿ: ನಿಕ್ಕಲ್ ಸುಮಾರು 37 ಲಕ್ಷ ಟನ್, ತಾಮ್ರ 2.3 ಕೋಟಿ ಟನ್, ಕೋಬಾಲ್ಟ್ 2.9 ಲಕ್ಷ ಟನ್, ಮ್ಯಾಂಗನೀಸ್ 2 ಕೋಟಿ ಟನ್. ನಮ್ಮ ಹಡಗಿನ ಪಾಲು ನಿಕ್ಕಲಿನಲ್ಲಿ ಶೇ 1ಕ್ಕೂ ಕಡಿಮೆ, ತಾಮ್ರದಲ್ಲಿ ಶೇ 0.1, ಕೋಬಾಲ್ಟಿನಲ್ಲಿ ಶೇ 1.5, ಮ್ಯಾಂಗನೀಸಿನಲ್ಲಿ ಶೇ 3.

ಈ ನಾಲ್ಕು ಶೇಕಡಾ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನಿಧಾನವಾಗಿ ನೋಡಿ. ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡ ಸಂಗತಿ ಇಲ್ಲಿದೆ. ಗಂಟಿನೊಳಗಿನ ಲೋಹಗಳ ಪ್ರಮಾಣಕ್ಕೂ ಜಗತ್ತು ಬಳಸುವ ಲೋಹಗಳ ಪ್ರಮಾಣಕ್ಕೂ ಹೊಂದಿಕೆಯಿಲ್ಲ. ವಿದ್ಯುತ್ ಜಾಲ, ಮೋಟಾರು, ತಂತಿ ಎಲ್ಲಕ್ಕೂ ಬೇಕಾದದ್ದು ತಾಮ್ರ. ಆ ತಾಮ್ರವೇ ಗಂಟಿನಿಂದ ತೀರಾ ಕಡಿಮೆ ಸಿಗುತ್ತದೆ. ಅಂಥ ಹತ್ತು ಹಡಗುಗಳು ದುಡಿದರೂ ತಾಮ್ರದ ಪೂರೈಕೆಯಲ್ಲಿ ಶೇ 1ರಷ್ಟು ಮಾತ್ರ ಏರಿಕೆ. ಅದೇ ಹತ್ತು ಹಡಗುಗಳು ಮ್ಯಾಂಗನೀಸ್ ಪೂರೈಕೆಗೆ ಶೇ 30, ಕೋಬಾಲ್ಟಿಗೆ ಶೇ 15 ಸೇರಿಸುತ್ತವೆ. ಅಷ್ಟು ಲೋಹ ಒಮ್ಮೆಗೆ ಬಂದರೆ ಅವುಗಳ ಬೆಲೆ ನೆಲಕಚ್ಚುತ್ತದೆ, ಬೆಲೆ ಬಿದ್ದರೆ ಹಡಗುಗಳ ಲೆಕ್ಕವೇ ಕೂಡುವುದಿಲ್ಲ. ಹಾಗಾಗಿ ಈ ಉದ್ಯಮ ಯಶಸ್ವಿಯಾದರೂ ಬೆರಳೆಣಿಕೆಯ ಹಡಗುಗಳ ಉದ್ಯಮವಾಗಿ ಉಳಿಯುತ್ತದೆಯೇ ಹೊರತು ನೆಲದ ಮೇಲಿನ ಗಣಿಗಳನ್ನು ಮುಚ್ಚಿಸುವಷ್ಟು ಬೆಳೆಯುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಕಡಲಿನಿಂದ ತೆಗೆದರೆ ಕಾಡು ಉಳಿಯುತ್ತದೆ ಎಂಬ ವಾದ ಕೇಳಿದಾಗ ಈ ನಾಲ್ಕು ಅಂಕಿಗಳನ್ನು ನೆನಪಿಸಿಕೊಳ್ಳಿ.

ಬೇಡಿಕೆಯ ಕಡೆಯೂ ಗಾಳಿ ತಿರುಗಿದೆ. ನಿಕ್ಕಲಿನ ಸುಮಾರು ಮೂರನೇ ಎರಡು ಭಾಗ ಹೋಗುವುದು ಸ್ಟೇನ್‌ಲೆಸ್ ಸ್ಟೀಲಿಗೆ. ಬ್ಯಾಟರಿಯ ಪಾಲು ಚಿಕ್ಕದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನಿಕ್ಕಲೂ ಇಲ್ಲ, ಕೋಬಾಲ್ಟೂ ಇಲ್ಲ. 2024ರ ಹೊತ್ತಿಗೆ ವಿದ್ಯುತ್ ವಾಹನಗಳ ಬ್ಯಾಟರಿ ಮಾರುಕಟ್ಟೆಯ ಅರ್ಧದಷ್ಟನ್ನು ಇದೇ ಬಗೆಯ ಬ್ಯಾಟರಿ ಹಿಡಿದಿತ್ತು. ಇಂಡೊನೇಷ್ಯಾ ಒಂದೇ ಜಗತ್ತಿನ ಅರ್ಧಕ್ಕಿಂತ ಹೆಚ್ಚು ನಿಕ್ಕಲ್ ಅಗೆಯುತ್ತಿದೆ; ಅದರ ಅಗ್ಗದ ಲೋಹದ ಎದುರು ಹಳೆಯ ಗಣಿಗಳೇ ಬಾಗಿಲು ಮುಚ್ಚಿವೆ. ಯುರೋಪ್ ಒಕ್ಕೂಟದ ಬ್ಯಾಟರಿ ಕಾನೂನಿನಂತೆ 2031ರಿಂದ ಹೊಸ ಬ್ಯಾಟರಿಯ ಕೋಬಾಲ್ಟಿನಲ್ಲಿ ಶೇ 16, ನಿಕ್ಕಲಿನಲ್ಲಿ ಶೇ 6 ಮರುಬಳಕೆಯದ್ದಾಗಿರಬೇಕು. ಯೋಜನಾ ವರದಿಯಲ್ಲಿ ಯಾವ ವರ್ಷದ ಬೆಲೆ ಹಿಡಿದಿದ್ದಾರೆಂದು ನೋಡುವಾಗ ಇವೆಲ್ಲ ಮನಸ್ಸಿನಲ್ಲಿರಲಿ. 2022ರ ಮಾರ್ಚ್‌ನಲ್ಲಿ ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ನಿಕ್ಕಲ್ ಒಂದು ಲಕ್ಷ ಡಾಲರ್ ದಾಟಿ ವಹಿವಾಟನ್ನೇ ನಿಲ್ಲಿಸಬೇಕಾಯಿತು. ಅಂಥ ಕಾಲದ ಬೆಲೆ ಇಟ್ಟು ಬರೆದ ಕನಸು ಇಂದಿನ ಬೆಲೆಯಲ್ಲಿ ನಿಲ್ಲುವುದಿಲ್ಲ.

ಆದರೆ ಎದುರು ಪಕ್ಷದ ಬಲವಾದ ಮಾತನ್ನೂ ಹಾಳೆಯಲ್ಲಿ ಬರೆಯಿರಿ. ಜಗತ್ತಿನ ಕೋಬಾಲ್ಟಿನ ಬಹುಪಾಲು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ ಒಂದರಿಂದಲೇ ಬರುತ್ತದೆ, ಅದರ ಶುದ್ಧೀಕರಣ ಹೆಚ್ಚಾಗಿ ಚೀನಾದಲ್ಲಿ ನಡೆಯುತ್ತದೆ. 2025ರ ಫೆಬ್ರವರಿಯಲ್ಲಿ ಕಾಂಗೊ ರಫ್ತು ನಿಲ್ಲಿಸಿದಾಗ ಕೋಬಾಲ್ಟ್ ಬೆಲೆ ಏರಿತು. ಒಂದೇ ದೇಶದ ಮೇಲೆ ಅವಲಂಬಿಸುವ ಭಯ ಸರ್ಕಾರಗಳಿಗೆ ಮಾರುಕಟ್ಟೆಯ ಲೆಕ್ಕಕ್ಕಿಂತ ದೊಡ್ಡದು. ಕಡಲತಳದ ಗಣಿಗಾರಿಕೆ ಶುರುವಾದರೆ ಅದನ್ನು ಶುರುಮಾಡಿಸುವುದು ಈ ಭಯವೇ ಎಂದು ನನಗೆ ಅನ್ನಿಸುತ್ತದೆ.

ಎತ್ತುವುದು, ಕರಗಿಸುವುದು

ಎತ್ತುವ ತಂತ್ರಜ್ಞಾನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಆಗುವ ಕೆಲಸ ಎಂದು ತೋರಿಸಿ ಆಗಿದೆ. 1978ರಲ್ಲೇ ಒಂದು ಅಂತರರಾಷ್ಟ್ರೀಯ ಒಕ್ಕೂಟ 5,000 ಮೀಟರಿಗಿಂತ ಆಳದಿಂದ ಸುಮಾರು 800 ಟನ್ ಗಂಟು ಎತ್ತಿತ್ತು. 2021ರಲ್ಲಿ ಬೆಲ್ಜಿಯಂನ ಜಿಎಸ್‌ಆರ್ ಕಂಪನಿಯ ಪಟಾನಿಯಾ 2 ಯಂತ್ರ 4,500 ಮೀಟರ್ ಆಳದಲ್ಲಿ ಓಡಾಡಿತು. ನಡುವೆ ಕೇಬಲ್ಲಿನಿಂದ ಕಳಚಿಕೊಂಡು ತಳದಲ್ಲೇ ಉಳಿದು, ಕೆಲವು ದಿನಗಳ ಮೇಲೆ ಮತ್ತೆ ಸಿಕ್ಕಿತು. 2022ರಲ್ಲಿ ಹಿಡನ್ ಜೆಮ್ ಹಡಗು ನಾಲ್ಕು ಕಿಲೊಮೀಟರಿಗೂ ಉದ್ದದ ಕೊಳವೆಯಲ್ಲಿ 3,000 ಟನ್ನಿಗೂ ಹೆಚ್ಚು ಗಂಟು ಮೇಲೆ ತಂದಿತು. ಕೇಳಬೇಕಾದ ಪ್ರಶ್ನೆ ಒಂದೇ: ನಿಲ್ಲದೆ ಎಷ್ಟು ದಿನ? 400 ವಾತಾವರಣದಷ್ಟು ಒತ್ತಡದಲ್ಲಿ, ಬಂದರಿನಿಂದ ಸಾವಿರಾರು ಕಿಲೊಮೀಟರ್ ದೂರದಲ್ಲಿ, ಒಂದು ಪಂಪು ಕೆಟ್ಟರೆ ದುರಸ್ತಿಗೆ ಎಷ್ಟು ದಿನ ಹಿಡಿಯುತ್ತದೆ ಎಂಬುದು ಪರೀಕ್ಷಾ ಓಟದಲ್ಲಿ ತಿಳಿಯುವುದಿಲ್ಲ.

ಕುಲುಮೆಯ ವಿಷಯಕ್ಕೆ ಮಾತ್ರ ನಿಧಾನವಾಗಿ ಬರುತ್ತೇನೆ. ಇದು ನನ್ನ ಕಸುಬಿನ ಜಾಗ, ಎಲ್ಲರೂ ಹಾರಿಸಿ ಹೋಗುವ ಜಾಗವೂ ಹೌದು. ನೆಲದ ಮೇಲಿನ ತಾಮ್ರದ ಅದಿರನ್ನು ಪುಡಿಮಾಡಿ, ನೊರೆಯಲ್ಲಿ ತೇಲಿಸಿ, ಲೋಹವಿರುವ ಕಣಗಳನ್ನಷ್ಟೇ ಬೇರ್ಪಡಿಸಿ ಕುಲುಮೆಗೆ ಕಳಿಸಬಹುದು. ಗಂಟಿನಲ್ಲಿ ಹಾಗೆ ಮಾಡಲು ಬರುವುದಿಲ್ಲ. ಅಲ್ಲಿ ನಿಕ್ಕಲಿನ ಕಣ, ತಾಮ್ರದ ಕಣ ಎಂದು ಪ್ರತ್ಯೇಕವಾಗಿ ಇಲ್ಲ. ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡಿನ ಹರಳಿನೊಳಗೇ ಅವು ಪರಮಾಣು ಪರಮಾಣುವಾಗಿ ಸೇರಿಕೊಂಡಿವೆ. ಆದ್ದರಿಂದ 13 ಕಿಲೊ ನಿಕ್ಕಲಿಗಾಗಿ ಇಡೀ ಟನ್ನನ್ನು ಒಣಗಿಸಿ, ತಿರುಗುವ ಗೂಡಿನಲ್ಲಿ ಕಾಯಿಸಿ, ವಿದ್ಯುತ್ ಕುಲುಮೆಯಲ್ಲಿ ಕರಗಿಸಬೇಕು. ಆಗ ನಿಕ್ಕಲ್, ತಾಮ್ರ, ಕೋಬಾಲ್ಟ್ ಸೇರಿದ ಮಿಶ್ರಲೋಹ ಕೆಳಗಿಳಿಯುತ್ತದೆ, ಮ್ಯಾಂಗನೀಸ್ ತುಂಬಿದ ಕಿಟ್ಟ ಮೇಲೆ ನಿಲ್ಲುತ್ತದೆ. ನಂತರ ಮಿಶ್ರಲೋಹವನ್ನು ಮತ್ತೆ ಆಮ್ಲದಲ್ಲಿ ಕರಗಿಸಿ ಮೂರನ್ನೂ ಬಿಡಿಸಬೇಕು. ಇದರಲ್ಲಿ ಒಂದು ಒಳ್ಳೆಯ ಗುಣವೂ ಇದೆ: ಕಿಟ್ಟ ಮಾರಾಟವಾದರೆ ತ್ಯಾಜ್ಯದ ರಾಶಿ ಬಹುಮಟ್ಟಿಗೆ ಇರುವುದಿಲ್ಲ. ಆದರೆ ವಿದ್ಯುತ್ ಧಾರಾಳವಾಗಿ ಬೇಕು. ಯಾವ ದೇಶದಲ್ಲಿ ಕುಲುಮೆ, ಅದಕ್ಕೆ ವಿದ್ಯುತ್ ಕಲ್ಲಿದ್ದಲಿನದೋ ಜಲಶಕ್ತಿಯದೋ ಎಂಬ ಸಾಲನ್ನು ವರದಿಯಲ್ಲಿ ಹುಡುಕಿ. ಹಸಿರು ಲೋಹ ಎಂಬ ಹೆಸರಿಗೆ ಅರ್ಹತೆ ಇದೆಯೋ ಇಲ್ಲವೋ ಎಂಬುದು ಆ ಸಾಲಿನಲ್ಲಿ ತೀರ್ಮಾನವಾಗುತ್ತದೆ.

ಯಾರಾದರೂ ನಿಮ್ಮ ಕೈಗೆ ನಿಜವಾದ ಗಂಟನ್ನು ಕೊಟ್ಟರೆ ನೋಡಲೇಬೇಕು. ಕಪ್ಪು-ಕಂದು ಬಣ್ಣ, ಅಂದುಕೊಂಡದ್ದಕ್ಕಿಂತ ಹಗುರ, ಬೆರಳಿಗೆ ಮಸಿ ಹತ್ತುತ್ತದೆ. ಸೀಳಿದ ಮುಖದಲ್ಲಿ ಪದರದ ಮೇಲೆ ಪದರ ಕಾಣುತ್ತದೆ. ನಡುವೆ ಎಷ್ಟೋ ಸಲ ಶಾರ್ಕಿನ ಹಲ್ಲಿನ ಚೂರೋ ಹಳೆಯ ಗಂಟಿನ ತುಂಡೋ ಇರುತ್ತದೆ. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ವಸ್ತು ಅದು. ಪ್ರಯೋಗಾಲಯದಲ್ಲಿ ಆ ಪದರಗಳನ್ನು ಭೂತಗಾಜಿನಲ್ಲಿ ನೋಡಿದಾಗೆಲ್ಲ ನನಗೆ ಕೈ ತಡೆಯುತ್ತದೆ, ಪುಡಿಮಾಡಲು ಮನಸ್ಸಾಗುವುದಿಲ್ಲ. ಪುಡಿಮಾಡುವುದಾದರೆ ಮುಖಗವಸು, ಗಾಳಿ ಎಳೆಯುವ ಕಪಾಟು ಕಡ್ಡಾಯ: ಗಂಟಿನಲ್ಲಿ ರೇಡಿಯಂ, ಥೋರಿಯಂನಂಥ ಆಲ್ಫಾ ಕಣ ಹೊಮ್ಮಿಸುವ ಧಾತುಗಳಿವೆ, ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಸಾವಿರಾರು ಟನ್ ಗಂಟು ಕೈ ಬದಲಿಸುವ ಬಂದರಿನಲ್ಲಿ ಕಾರ್ಮಿಕರಿಗೆ ಏನು ರಕ್ಷಣೆ ಎಂಬ ಪ್ರಶ್ನೆಯೂ ನಿಮ್ಮ ಹಾಳೆಯಲ್ಲಿರಲಿ.

ಯಾರ ನೀರು, ಯಾರ ಅನುಮತಿ

ನಕಾಶೆಯಲ್ಲಿ ಆ ಜಾಗ ಯಾವುದಾದರೂ ದೇಶದ ತೀರದಿಂದ 200 ನಾಟಿಕಲ್ ಮೈಲಿಯ ಒಳಗಿದೆಯೇ, ಅಥವಾ ಅದಕ್ಕೂ ಆಚೆ ಚಾಚಿದ ಆ ದೇಶದ ಭೂಖಂಡದ ಅಂಚಿನೊಳಗಿದೆಯೇ ನೋಡಿ. ಒಳಗಿದ್ದರೆ ಆ ದೇಶದ ಕಾನೂನು. ನಾರ್ವೆ, ಕುಕ್ ದ್ವೀಪಗಳು, ಜಪಾನ್, ಪಪುವಾ ನ್ಯೂಗಿನಿ ಇವರ ಯೋಜನೆಗಳು ಈ ಬಗೆಯವು. ಕಾನೂನಿದ್ದ ಮಾತ್ರಕ್ಕೆ ದಾರಿ ಸುಗಮ ಎನ್ನುವಂತಿಲ್ಲ: ನಾರ್ವೆಯ ಸಂಸತ್ತು 2024ರ ಜನವರಿಯಲ್ಲಿ ದೊಡ್ಡ ಪ್ರದೇಶವನ್ನು ತೆರೆಯಲು ಒಪ್ಪಿತು, ಅದೇ ವರ್ಷದ ಡಿಸೆಂಬರಿನಲ್ಲಿ ಬಜೆಟ್ ಮಾತುಕತೆಯ ನಡುವೆ ಪರವಾನಗಿ ಪ್ರಕ್ರಿಯೆಯೇ ನಿಂತಿತು.

ಹೊರಗಿದ್ದರೆ ಅದು ಮನುಕುಲದ ಸಮಾನ ಸ್ವತ್ತು. ಮಾಲ್ಟಾದ ರಾಯಭಾರಿ ಅರ್ವಿಡ್ ಪಾರ್ಡೊ 1967ರ ನವೆಂಬರ್ 1ರಂದು ವಿಶ್ವಸಂಸ್ಥೆಯಲ್ಲಿ ಮಾಡಿದ ಭಾಷಣದಿಂದ ಹೊರಟ ಈ ತತ್ವ 1982ರ ಸಮುದ್ರ ಕಾನೂನು ಒಪ್ಪಂದದಲ್ಲಿ ಸೇರಿತು. ಒಪ್ಪಂದ ಜಾರಿಗೆ ಬಂದದ್ದು 1994ರಲ್ಲಿ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರ ಹುಟ್ಟಿದ್ದೂ ಆಗಲೇ. ಪ್ರಾಧಿಕಾರ ಇದುವರೆಗೆ ಕೊಟ್ಟಿರುವುದು ಅನ್ವೇಷಣೆಯ ಗುತ್ತಿಗೆಗಳನ್ನು ಮಾತ್ರ, ಸುಮಾರು 30. ಭಾರತದ ಬಳಿಯೂ ಮಧ್ಯ ಹಿಂದೂ ಮಹಾಸಾಗರದಲ್ಲಿ 75,000 ಚದರ ಕಿಲೊಮೀಟರಿನ ಗಂಟು ಗುತ್ತಿಗೆ ಇದೆ. ಗುತ್ತಿಗೆ ಸಿಕ್ಕಿತು ಎಂಬ ಸುದ್ದಿಯನ್ನು ಗಣಿಗಾರಿಕೆಗೆ ಅನುಮತಿ ಎಂದು ಓದಬೇಡಿ. ಹುಡುಕಲು, ಅಳೆಯಲು, ಮಾದರಿ ತೆಗೆಯಲು ಮಾತ್ರ ಹಕ್ಕು. ಅಗೆಯುವ ನಿಯಮಾವಳಿ ಇನ್ನೂ ಕರಡಿನಲ್ಲಿದೆ. 2021ರ ಜೂನ್‌ನಲ್ಲಿ ಪೆಸಿಫಿಕ್ ದ್ವೀಪ ರಾಷ್ಟ್ರ ನೌರು, ಎರಡು ವರ್ಷದೊಳಗೆ ನಿಯಮಾವಳಿ ಸಿದ್ಧಪಡಿಸಬೇಕೆಂಬ ಕಲಮನ್ನು ಬಳಸಿ ಒತ್ತಡ ಹಾಕಿತು. 2023ರ ಜುಲೈಗೆ ಗಡುವು ಮುಗಿಯಿತು. 2025ರ ಜುಲೈ ಅಧಿವೇಶನವೂ ನಿಯಮಾವಳಿ ಅಂಗೀಕರಿಸದೆಯೇ ಮುಗಿಯಿತು.

ಅಮೆರಿಕ ಈ ಒಪ್ಪಂದದ ಸದಸ್ಯ ದೇಶವಲ್ಲ. ತನ್ನ 1980ರ ಕಾನೂನಿನಡಿ ಅಂತರರಾಷ್ಟ್ರೀಯ ಪ್ರದೇಶಕ್ಕೂ ತಾನೇ ಪರವಾನಗಿ ಕೊಡಬಹುದು ಎಂಬುದು ಅದರ ನಿಲುವು. 2025ರ ಏಪ್ರಿಲ್ 24ರಂದು ಇಂಥ ಪರವಾನಗಿಗಳಿಗೆ ವೇಗ ಕೊಡುವ ಅಧ್ಯಕ್ಷರ ಆದೇಶ ಹೊರಬಿತ್ತು, ಕೆಲವೇ ದಿನಗಳಲ್ಲಿ ಕೆನಡಾದ ಕಡಲತಳ ಗಣಿ ಕಂಪನಿ ಟಿಎಂಸಿಯ ಅಮೆರಿಕನ್ ಅಂಗಸಂಸ್ಥೆ ಅರ್ಜಿ ಹಾಕಿತು. ಭವಿಷ್ಯದ ದಿಕ್ಕು ಬದಲಾಯಿಸಬಲ್ಲ ಬೆಳವಣಿಗೆ ಇದು, ನನಗೆ ಆತಂಕ ತರುವುದೂ ಇದೇ. ಒಬ್ಬರು ಬೇಲಿ ದಾಟಿದರೆ ಉಳಿದವರು ಕಾಯಬೇಕಾದ ಕಾರಣವೇನು? ಲೆಕ್ಕ ಹಾಕುವವರಿಗೆ ಇಲ್ಲೊಂದು ಕಠಿಣ ಪ್ರಶ್ನೆಯೂ ಇದೆ: ಹಾಗೆ ತಂದ ಲೋಹವನ್ನು ಒಪ್ಪಂದಕ್ಕೆ ಸಹಿ ಹಾಕಿದ ದೇಶದ ಬಂದರು ಒಳಗೆ ಬಿಟ್ಟುಕೊಳ್ಳುತ್ತದೆಯೇ, ವಿಮಾ ಕಂಪನಿ ವಿಮೆ ಕೊಡುತ್ತದೆಯೇ, ಬ್ಯಾಂಕು ಸಾಲ ಕೊಡುತ್ತದೆಯೇ?

ಸಣ್ಣ ದೇಶಗಳ ಮಟ್ಟಿಗೆ ಮತ್ತೊಂದು ಅಪಾಯ. ಗುತ್ತಿಗೆಗಾಗಿ ಕಂಪನಿಯ ಬೆನ್ನಿಗೆ ನಿಂತು ಅದನ್ನು ಪ್ರಾಯೋಜಿಸುವ ದೇಶ ಅದರ ಮೇಲೆ ಕಟ್ಟುನಿಟ್ಟಿನ ನಿಗಾ ಇಡಬೇಕು, ಇಡದಿದ್ದರೆ ಹಾನಿಗೆ ಹೊಣೆಯಾಗಬಹುದು ಎಂದು ಸಮುದ್ರ ಕಾನೂನಿನ ನ್ಯಾಯಮಂಡಳಿಯ ಪೀಠ 2011ರಲ್ಲಿ ಅಭಿಪ್ರಾಯ ಕೊಟ್ಟಿದೆ. ಪಪುವಾ ನ್ಯೂಗಿನಿ ತನ್ನ ನೀರಿನ ಸೊಲ್ವಾರಾ 1 ಸಲ್ಫೈಡ್ ಯೋಜನೆಯಲ್ಲಿ ಸಾರ್ವಜನಿಕ ಹಣ ಹೂಡಿ ಶೇ 15 ಪಾಲು ಕೊಂಡಿತ್ತು. ಯಂತ್ರಗಳು ತಯಾರಾದವು, ಹಡಗಿನ ಹಣ ಹೊಂದಲಿಲ್ಲ, ನಾಟಿಲಸ್ ಮಿನರಲ್ಸ್ ಕಂಪನಿ 2019ರಲ್ಲಿ ದಿವಾಳಿಯಾಯಿತು, ಹಣ ಹೋಯಿತು. ಯಾವುದೇ ದ್ವೀಪ ರಾಷ್ಟ್ರದ ಹೊಸ ಒಪ್ಪಂದದ ಸುದ್ದಿ ಬಂದಾಗ ಸರ್ಕಾರ ರಾಜಧನ ಪಡೆಯುತ್ತದೆಯೋ, ತಾನೇ ಹಣ ಹಾಕುತ್ತದೆಯೋ ಎಂದು ನೋಡಿ.

ತಳದ ಲೆಕ್ಕ

ಮತ್ತೆ ಪೆನ್ಸಿಲ್ ಹಿಡಿಯಿರಿ. ಒಳ್ಳೆಯ ಜಾಗದಲ್ಲಿ ಚದರ ಮೀಟರಿಗೆ ಸುಮಾರು 15 ಕಿಲೊ ಒದ್ದೆ ಗಂಟು. 30 ಲಕ್ಷ ಟನ್ ಬೇಕಾದರೆ ಎಲ್ಲವನ್ನೂ ಬಾಚಿದರೂ ವರ್ಷಕ್ಕೆ 200 ಚದರ ಕಿಲೊಮೀಟರ್ ತಳ. ಯಂತ್ರ 5 ಸೆಂಟಿಮೀಟರ್ ಕೆಸರನ್ನಷ್ಟೇ ಕದಡಿತು ಎಂದರೂ 1 ಕೋಟಿ ಘನ ಮೀಟರ್ ಕೆಸರು. ಒಂದು ಹಡಗಿಗೆ, ಒಂದು ವರ್ಷಕ್ಕೆ. ಅದರಲ್ಲಿ ಸ್ವಲ್ಪ ಭಾಗ ಮೋಡವಾಗಿ ಹರಡಿ, ಅಗೆಯದ ಜಾಗದ ಮೇಲೂ ಕೂರುತ್ತದೆ. ಗಂಟು ಬೇರ್ಪಡಿಸಿದ ಮೇಲೆ ಉಳಿದ ಕೆಸರುನೀರನ್ನು ಹಡಗಿನಿಂದ ಮತ್ತೆ ಯಾವ ಆಳಕ್ಕೆ ಬಿಡುತ್ತಾರೆ ಎಂಬುದು ಇನ್ನೊಂದು ಪ್ರಶ್ನೆ. ನಡುನೀರಿನಲ್ಲಿ ಬಿಟ್ಟರೆ ಅಲ್ಲಿನ ಜೀವಿಗಳಿಗೆ ತೊಂದರೆ.

ಅಲ್ಲಿ ಏನಿದೆ? 2023ರಲ್ಲಿ ಪ್ರಕಟವಾದ ಅಧ್ಯಯನ ಕ್ಲಾರಿಯನ್-ಕ್ಲಿಪ್ಪರ್ಟನ್ ವಲಯದಲ್ಲಿ ದಾಖಲಾದ ಸುಮಾರು 5,500 ಪ್ರಾಣಿ ಪ್ರಭೇದಗಳಲ್ಲಿ ಶೇ 90ರಷ್ಟಕ್ಕೆ ವಿಜ್ಞಾನ ಇನ್ನೂ ಹೆಸರನ್ನೇ ಇಟ್ಟಿಲ್ಲ ಎಂದಿತು. ಮೆತ್ತನೆಯ ಕೆಸರಿನ ಬಯಲಿನಲ್ಲಿ ಗಟ್ಟಿ ನೆಲೆ ಎಂದರೆ ಗಂಟು ಒಂದೇ. ಸ್ಪಂಜುಗಳು, ಹವಳದ ಬಂಧುಗಳು ಅದಕ್ಕೇ ಅಂಟಿ ಬೆಳೆಯುತ್ತವೆ. ನಾಲ್ಕು ಕಿಲೊಮೀಟರ್ ಆಳದ ಒಂದು ಬಿಳಿ ಆಕ್ಟೋಪಸ್ ಗಂಟಿಗೆ ಅಂಟಿದ ಸತ್ತ ಸ್ಪಂಜಿನ ಕಡ್ಡಿಯ ಮೇಲೆ ಮೊಟ್ಟೆಯಿಟ್ಟು ಕಾವಲು ಕೂರುವುದನ್ನು 2016ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಗಂಟನ್ನು ತೆಗೆದರೆ ಆ ನೆಲೆ ಮನುಷ್ಯನ ಕಾಲಮಾನದಲ್ಲಿ ಮರಳಿ ಬಾರದು. ಬುಗ್ಗೆಗಳ ವಿಷಯ ಇನ್ನೂ ಬಿಗಿ: ಕಬ್ಬಿಣದ ಪೊರೆ ಹೊದ್ದ ಪಾದದ ಒಂದು ಬಸವನಹುಳು ಹಿಂದೂ ಮಹಾಸಾಗರದ ಕೆಲವೇ ಬುಗ್ಗೆಗಳಲ್ಲಿ ಬದುಕುತ್ತದೆ. ಗಣಿಗಾರಿಕೆಯ ಬೆದರಿಕೆಯ ಕಾರಣಕ್ಕೇ 2019ರಲ್ಲಿ ಅದು ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿತು. ಜೀವಂತ ಬುಗ್ಗೆಗಳನ್ನು ಮುಟ್ಟಬಾರದು ಎಂದದ್ದು ಇದಕ್ಕೆ.

ತಳ ಚೇತರಿಸಿಕೊಳ್ಳುತ್ತದೆಯೇ ಎಂಬುದಕ್ಕೆ ಎರಡು ಹಳೆಯ ಗಾಯಗಳು ಸಾಕ್ಷಿ. 1989ರಲ್ಲಿ ಜರ್ಮನ್ ವಿಜ್ಞಾನಿಗಳು ಪೆರು ಬಳಿಯ ಆಳದಲ್ಲಿ ತಳವನ್ನು ಉತ್ತು ನೋಡಿದರು. 26 ವರ್ಷದ ನಂತರ ಹೋದಾಗ ಉಳುಮೆಯ ಗೆರೆಗಳು ಹಾಗೆಯೇ ಇದ್ದವು. 1979ರಲ್ಲಿ ಕ್ಲಾರಿಯನ್-ಕ್ಲಿಪ್ಪರ್ಟನ್ ವಲಯದಲ್ಲಿ ಓಡಿದ ಒಂದು ಯಂತ್ರದ ಜಾಡನ್ನು 44 ವರ್ಷದ ಮೇಲೆ ಪರಿಶೀಲಿಸಿದ ಅಧ್ಯಯನ 2025ರಲ್ಲಿ ಬಂತು: ಜಾಡು ಇನ್ನೂ ಸ್ಪಷ್ಟ, ಕೆಲವು ಸಣ್ಣ ಜೀವಿಗಳು ಮರಳಿವೆ, ಗಂಟಿಗೆ ಅಂಟಿ ಬದುಕುವ ದೊಡ್ಡವು ಹೆಚ್ಚಾಗಿ ಮರಳಿಲ್ಲ. ಪರ ವಿರೋಧ ಎರಡೂ ಕಡೆಯವರು ಈ ಅಧ್ಯಯನದ ಅರ್ಧರ್ಧ ಸಾಲನ್ನು ಹಿಡಿದು ವಾದಿಸುತ್ತಾರೆ. ನೀವು ಪೂರ್ತಿ ಓದಿ. ಗಂಟುಗಳೇ ಕತ್ತಲಲ್ಲಿ ಆಮ್ಲಜನಕ ಉತ್ಪಾದಿಸುತ್ತವೆ ಎಂಬ 2024ರ ವರದಿಯ ವಿಷಯದಲ್ಲಿ ಮಾತ್ರ ತಾಳ್ಮೆ ಇರಲಿ. ಅದರ ಮೇಲೆ ತೀವ್ರ ಆಕ್ಷೇಪಗಳಿವೆ, ವಾದವನ್ನು ಅದರ ಮೇಲೆ ಕಟ್ಟುವುದು ಬೇಡ. ಉಳಿದ ಸಾಕ್ಷ್ಯವೇ ಸಾಕಷ್ಟು ಗಟ್ಟಿಯಾಗಿದೆ.

ನನ್ನ ಹಾಳೆ ಏನು ಹೇಳುತ್ತದೆ

ಮುಂದಿನ ಹತ್ತು ವರ್ಷದಲ್ಲಿ ಒಂದೆರಡು ಹಡಗುಗಳು ಗಂಟು ಎತ್ತಿ ಮಾರುವುದು ಸಾಧ್ಯ; ಅದಕ್ಕೆ ಸರ್ಕಾರದ ಬೆಂಬಲ ಬೆನ್ನಿಗಿರುತ್ತದೆ, ಬರೀ ಮಾರುಕಟ್ಟೆಯ ಬಲದಿಂದ ಅದು ಆಗದು. ದೊಡ್ಡ ಉದ್ಯಮವಾಗಿ ಬೆಳೆಯುವುದನ್ನು ಮ್ಯಾಂಗನೀಸ್, ಕೋಬಾಲ್ಟ್ ಮಾರುಕಟ್ಟೆಯ ಕಿರಿದಾದ ಗಾತ್ರವೇ ತಡೆಯುತ್ತದೆ. ಇಷ್ಟು ಸಣ್ಣ ಲಾಭಕ್ಕಾಗಿ, ಹೆಸರನ್ನೂ ಇಡದ ಜೀವಲೋಕವನ್ನು ಈಗಲೇ ಕದಡುವುದು ತಪ್ಪು ಎಂದು ನಾನು ನಂಬುತ್ತೇನೆ. ಸುಮಾರು 40 ದೇಶಗಳು ತಡೆ ಅಥವಾ ವಿರಾಮ ಕೇಳುತ್ತಿವೆ. ಬಿಎಂಡಬ್ಲ್ಯು, ವೋಲ್ವೊ, ಗೂಗಲ್, ಸ್ಯಾಮ್‌ಸಂಗ್ ಎಸ್‌ಡಿಐ 2021ರಲ್ಲೇ ಸದ್ಯಕ್ಕೆ ಕಡಲತಳದ ಲೋಹ ಬಳಸುವುದಿಲ್ಲ ಎಂದಿವೆ. ನಾನು ಅವರ ಪಕ್ಷ. ನಿಮ್ಮ ಹಾಳೆ ಬೇರೆ ಉತ್ತರ ಕೊಟ್ಟರೆ ಯಾವ ಸಾಲಿನಲ್ಲಿ ನಮ್ಮಿಬ್ಬರ ಊಹೆ ಬೇರೆಯಾಯಿತು ಎಂದು ಹುಡುಕಿ. ಬಹಳ ಸಲ ಅದು ಮ್ಯಾಂಗನೀಸಿನ ಸಾಲೇ ಆಗಿರುತ್ತದೆ.

ಹಾಳೆಯನ್ನು ಆಗಾಗ ತಿದ್ದುತ್ತಿರಿ. ಕಿಂಗ್‌ಸ್ಟನ್‌ನ ಸಭೆಗಳು ಸಾಮಾನ್ಯವಾಗಿ ಮಾರ್ಚ್ ಮತ್ತು ಜುಲೈನಲ್ಲಿ ನಡೆಯುತ್ತವೆ, ಆಗ ಕಾನೂನಿನ ಸಾಲು ನೋಡಿ. ಕಂಪನಿಯ ಷೇರು ಬೆಲೆಯ ಏರಿಳಿತವನ್ನು ಬಿಟ್ಟುಬಿಡಿ. ಲೋಹ ಕೊಳ್ಳುವವರ ಜೊತೆ ಬೆಲೆ ನಮೂದಿಸಿದ ದೀರ್ಘಾವಧಿ ಕರಾರು ಆಗಿದೆಯೇ ಎಂದಷ್ಟೇ ಹುಡುಕಿ. ಪ್ರಾಧಿಕಾರದ ಡೀಪ್‌ಡೇಟಾ ಎಂಬ ದತ್ತಾಂಶ ಕೋಶ 2019ರಿಂದ ಸಾರ್ವಜನಿಕರಿಗೆ ತೆರೆದಿದೆ. ನೀವು ಓದುತ್ತಿರುವ ಗುತ್ತಿಗೆ ಪ್ರದೇಶವನ್ನು ಅದರಲ್ಲಿ ಆರಿಸಿ, ಗಂಟಿನ ಮಾದರಿಗಳು ಎಷ್ಟು ಜಾಗದಿಂದ ಬಂದಿವೆ, ಜೀವಿಗಳ ಮಾದರಿಗಳು ಎಷ್ಟು ಜಾಗದಿಂದ ಬಂದಿವೆ ಎಂದು ಎಣಿಸಿ, ಎರಡು ಅಂಕಿಗಳನ್ನೂ ಅಕ್ಕಪಕ್ಕ ಬರೆಯಿರಿ. ಮುಂದಿನ ವರ್ಷ ಅದೇ ತಿಂಗಳು ಮತ್ತೆ ಎಣಿಸಿ.